ನನ್ನ ಲೆಕ್ಕ ಕೆಡಿಸಿದ ಸಂಖ್ಯೆ: 2147483647ರ ಕಥೆ

  ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಕೋಟೆ ಇಲ್ಲ, ಯುದ್ಧ ಇಲ್ಲ. ಒಂದೇ ಒಂದು ಸಂಖ್ಯೆ ಇದೆ. 214 ಕೋಟಿ 74 ಲಕ್ಷ 83 ಸಾವಿರದ 647. ಅಂಕಿಗಳಲ್ಲಿ ಬರೆದರೆ 2147483647.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಹತ್ತನೇ ಕ್ಲಾಸ್ ಮುಗಿದ ಮೇಲೆ ಗಣಿತಕ್ಕೆ ಕೈ ಮುಗಿದು ಬಂದವನು. ಈ ಸಂಖ್ಯೆ ನನ್ನ ಬದುಕಿಗೆ ಬಂದಿದ್ದು ಗಣಿತದ ಬಾಗಿಲಿಂದ ಅಲ್ಲ, ಲೆಡ್ಜರ್ ಬಾಗಿಲಿಂದ.

2019ರ ಮಾರ್ಚ್ ಕೊನೆ. ಡಿಗ್ರಿ ಮುಗಿಸಿ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದೆ. ಅಲ್ಲಿದ್ದದ್ದು ಯಾರೋ ಎಷ್ಟೋ ವರ್ಷದ ಹಿಂದೆ ಮಾಡಿಕೊಟ್ಟಿದ್ದ ಹಳೇ ಸಾಫ್ಟ್‌ವೇರ್. ನೀಲಿ ಸ್ಕ್ರೀನ್, ಬಿಳಿ ಅಕ್ಷರ. ವರ್ಷದ ಒಟ್ಟು ಮಾರಾಟ ತೆಗೆದರೆ, ಮೈನಸ್ 2,14,58,422 ರೂಪಾಯಿ 96 ಪೈಸೆ ಅಂತ ಬಂತು. ಮೈನಸ್! ಇಡೀ ವರ್ಷ ಮಾಲು ಮಾರಿದ ಅಂಗಡಿಯ ಮಾರಾಟ ಸೊನ್ನೆಗಿಂತ ಕೆಳಗೆ. ಇನ್ನೊಂದು ವಿಚಿತ್ರ ಅಂದ್ರೆ, ನಮ್ಮ ಬಿಲ್ಲುಗಳನ್ನೆಲ್ಲ ರೂಪಾಯಿಗೆ ರೌಂಡ್ ಮಾಡಿರ್ತಿದ್ವಿ. ಈ 96 ಪೈಸೆ ಎಲ್ಲಿಂದ ಬಂತು?

ಮಾಲೀಕರು ನನ್ನ ಮುಖ ನೋಡಿದರು. ಹೊಸಬ ಅಂದ್ರೆ ನಾನೇ ತಾನೇ. "ಎಲ್ಲೋ ತಪ್ಪು ಎಂಟ್ರಿ ಹೊಡ್ದಿದ್ದೀಯ, ಹುಡುಕು" ಅಂದರು. ಎರಡು ರಾತ್ರಿ ಕೂತು ಬಿಲ್ ಮೇಲೆ ಬಿಲ್ ಟಿಕ್ ಹಾಕಿದೆ. ತಪ್ಪು ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ: "ಸಿಕ್ಕಿಲ್ಲ ಅಂದ್ರೆ ತಪ್ಪಿಲ್ಲ ಅಂತಲ್ಲ. ನೀನು ಸರಿಯಾಗಿ ಹುಡುಕಿಲ್ಲ ಅಂತ." ಸಿಗೋವರೆಗೂ ಸಂಬಳ ಇಲ್ಲ ಅಂತಲೂ ಹೇಳಿದರು.

ಆ ಮಾತಿಗೆ ಕೋಪ ಬಂತು. ಆದರೆ ಯೋಚಿಸಿ ನೋಡಿದರೆ ಅವರು ಹೇಳಿದ್ದು ಸರಿಯಾದ ಪ್ರಶ್ನೆಯೇ. ಒಂದು ವಸ್ತು ಸಿಗಲಿಲ್ಲ ಅನ್ನೋದಕ್ಕೂ, ಅದು ಇಲ್ಲವೇ ಇಲ್ಲ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಇದೇ ವ್ಯತ್ಯಾಸದ ಮೇಲೆ ಗಣಿತದವರು ಸುಮಾರು ನೂರ ಎಪ್ಪತ್ತು ವರ್ಷ ತಲೆ ಕೆಡಿಸಿಕೊಂಡಿದ್ದಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅಂಗಡಿ ಕಥೆ ಇಲ್ಲೇ ಸ್ವಲ್ಪ ನಿಲ್ಲಿಸ್ತೀನಿ. ಇಟಲಿಗೆ ಹೋಗೋಣ.

ಅವಿಭಾಜ್ಯ ಸಂಖ್ಯೆ ಅಂದ್ರೆ ಏನು ಅಂತ ಒಂದು ಸಾಲಲ್ಲಿ ನೆನಪು ಮಾಡ್ಕೊಳ್ಳೋಣ. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಶೇಷ ಇಲ್ಲದೆ ಭಾಗವಾಗದ ಸಂಖ್ಯೆ. 2, 3, 5, 7, 11, ಹೀಗೆ. ಈಗ 2ನ್ನೇ ಮತ್ತೆ ಮತ್ತೆ ಗುಣಿಸ್ತಾ ಹೋಗಿ, ಬಂದ ಉತ್ತರದಿಂದ ಒಂದು ಕಳೀರಿ. 2 ಸಲ ಗುಣಿಸಿದರೆ 4, ಒಂದು ಕಳೆದರೆ 3. 3 ಸಲಕ್ಕೆ 7. 5 ಸಲಕ್ಕೆ 31. 7 ಸಲಕ್ಕೆ 127. ಎಲ್ಲವೂ ಅವಿಭಾಜ್ಯ. ಆಹಾ, ಸೂತ್ರ ಸಿಕ್ಕಿತು ಅಂದ್ಕೊಳ್ಳೋಷ್ಟರಲ್ಲಿ 11 ಕೈ ಕೊಡುತ್ತೆ. 2ರ 11ನೇ ಘಾತ 2048, ಒಂದು ಕಳೆದರೆ 2047. ಅದು 23 ಗುಣಿಸು 89.

ಹಾಗಾದ್ರೆ ಯಾವ ಘಾತಕ್ಕೆ ಕೆಲಸ ಮಾಡುತ್ತೆ, ಯಾವುದಕ್ಕೆ ಮಾಡಲ್ಲ? ಬೊಲೋನ್ಯಾದ ಪಿಯೆಟ್ರೊ ಕತಾಲ್ದಿ ಅನ್ನೋ ಗಣಿತಜ್ಞ 1603ರಲ್ಲಿ ಇದರ ಬಗ್ಗೆ ಬರೆದ. 17 ಮತ್ತು 19ನ್ನು ಆತ ಕಷ್ಟಪಟ್ಟು ಭಾಗಿಸಿ ಭಾಗಿಸಿಯೇ ಸಾಬೀತು ಮಾಡಿದ್ದ. 19ನೇ ಘಾತದ್ದು 524287. ಅದರ ವರ್ಗಮೂಲ 724ರ ಆಸುಪಾಸು. ಯಾವುದೇ ಸಂಖ್ಯೆಗೆ ಭಾಜಕ ಇದ್ದರೆ, ಅದರಲ್ಲಿ ಒಂದಾದರೂ ವರ್ಗಮೂಲದ ಒಳಗೇ ಇರಬೇಕು. ಹಾಗಾಗಿ 724ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಷ್ಟನ್ನು ಆತ ಮಾಡಿದ.

ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. 23, 29, 31, 37ಕ್ಕೂ ಹೀಗೇ ಆಗುತ್ತೆ ಅಂತ ಹೇಳಿಬಿಟ್ಟ. ಸಾಬೀತು ಮಾಡದೆ. 1640ರಲ್ಲಿ ಫ್ರಾನ್ಸಿನ ಫರ್ಮಾ 23 ಮತ್ತು 37ನ್ನು ಒಡೆದು ಹಾಕಿದ. 23ರದ್ದು 47ರಿಂದ ಭಾಗವಾಗುತ್ತೆ, 37ರದ್ದು 223ರಿಂದ. 29ರದ್ದನ್ನು 1738ರಲ್ಲಿ ಆಯ್ಲರ್ ಒಡೆದ, ಅದು 233ರಿಂದ ಭಾಗವಾಗುತ್ತೆ. ನಾಲ್ಕರಲ್ಲಿ ಮೂರು ಸುಳ್ಳಾಯ್ತು. ಉಳಿದದ್ದು 31 ಒಂದೇ. ಅದೇ ನಮ್ಮ ಹೀರೋ. 2ರ 31ನೇ ಘಾತದಿಂದ ಒಂದು ಕಳೆದರೆ 2147483647.

ಮಧ್ಯದಲ್ಲಿ ಮರ್ಸೆನ್ ಅನ್ನೋ ಫ್ರೆಂಚ್ ಪಾದ್ರಿ 1644ರಲ್ಲಿ ಒಂದು ಪಟ್ಟಿ ಕೊಟ್ಟ. ಅದರಲ್ಲೂ 31 ಇತ್ತು. ಆ ಪಟ್ಟಿಯಿಂದಾಗಿಯೇ ಇಂಥ ಅವಿಭಾಜ್ಯಗಳಿಗೆ ಇವತ್ತಿಗೂ ಮರ್ಸೆನ್ ಅವಿಭಾಜ್ಯ ಅಂತ ಹೆಸರು. ತಮಾಷೆ ಅಂದ್ರೆ ಆ ಪಟ್ಟಿಯಲ್ಲೂ ತಪ್ಪುಗಳಿದ್ದವು. 67 ಮತ್ತು 257 ಅಲ್ಲಿರಬಾರದಿತ್ತು, 61, 89, 107 ಬಿಟ್ಟು ಹೋಗಿದ್ದವು. ಅಂದ್ರೆ ಇಬ್ಬರು ದೊಡ್ಡವರು ಹೇಳಿದ್ದಾರೆ ಅಂತ 31ನ್ನು ನಂಬೋಕೆ ಆಗಲ್ಲ. ಇಬ್ಬರೂ ಬೇರೆ ಕಡೆ ಎಡವಿದ್ದಾರೆ. ಯಾರಿಗೂ ಅದರ ಭಾಜಕ ಸಿಕ್ಕಿಲ್ಲ ನಿಜ. ಆದರೆ ನಮ್ಮ ಮಾಲೀಕರ ಮಾತು ನೆನಪಿಸ್ಕೊಳ್ಳಿ. ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ.

ಈಗ ಬರ್ತಾನೆ ಲಿಯೊನಾರ್ಡ್ ಆಯ್ಲರ್. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, 1707ರಲ್ಲಿ. ಈ ಕಥೆ ನಡೆಯೋ ಹೊತ್ತಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಬಲಗಣ್ಣು ಎಷ್ಟೋ ವರ್ಷದ ಹಿಂದೆಯೇ ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. 1771ರಲ್ಲಿ ಊರಿಗೆ ಬೆಂಕಿ ಬಿದ್ದು ಆತನ ಮನೆ ಸುಟ್ಟು ಹೋಯ್ತು. ಬಾಸೆಲ್‌ನವನೇ ಆದ ಒಬ್ಬ ಕುಶಲಕರ್ಮಿ ಒಳಗೆ ನುಗ್ಗಿ ಆತನನ್ನು ಹೊರಗೆ ತಂದ. ಅದೇ ವರ್ಷ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯ್ತು, ಸ್ವಲ್ಪ ದಿನ ಕಾಣಿಸಿತು, ಮತ್ತೆ ಕತ್ತಲಾಯ್ತು. ಹೇಳ್ತಾ ಹೋಗೋದು, ಬೇರೆಯವರು ಬರೆದುಕೊಳ್ಳೋದು, ಹೀಗೆ ಕೆಲಸ ಸಾಗ್ತಿತ್ತು. ಇದರ ಮಧ್ಯೆ 1772ರಲ್ಲಿ ಬರ್ನೂಲಿ ಕುಟುಂಬದ ಒಬ್ಬ ಗಣಿತಜ್ಞನಿಗೆ ಬರೆದ ಪತ್ರದಲ್ಲಿ ಆಯ್ಲರ್ ತಿಳಿಸಿದ: 2147483647 ಅವಿಭಾಜ್ಯ, ಪರೀಕ್ಷೆ ಮಾಡಿ ಆಗಿದೆ.

ಹೇಗೆ ಮಾಡಿದ? ಇಲ್ಲಿ ಸ್ವಲ್ಪ ಗಮನ ಕೊಡಿ, ಪಾತ್ರೆ ತೊಳೆಯೋರು ನಲ್ಲಿ ನಿಲ್ಲಿಸಿ.

ಈ ಸಂಖ್ಯೆಯ ವರ್ಗಮೂಲ 46340 ಚಿಲ್ಲರೆ. ಅದರೊಳಗೆ 4,700ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿವೆ. ಕತಾಲ್ದಿ ದಾರಿಯಲ್ಲಿ ಹೋದರೆ ಅಷ್ಟೂ ಭಾಗಾಕಾರ ಮಾಡಬೇಕು. ಆಯ್ಲರ್ ಎಲ್ಲವನ್ನೂ ಮುಟ್ಟಲಿಲ್ಲ. ಮೊದಲು ಜರಡಿ ಹಿಡಿದ.

7ನ್ನು ತಗೊಳ್ಳಿ. 2, 4, 8 ಅಂತ ಹೋಗ್ತಾ ಪ್ರತಿಯೊಂದನ್ನೂ 7ರಿಂದ ಭಾಗಿಸಿ ಶೇಷ ನೋಡಿ. 2, 4, 1. ಮತ್ತೆ 2, 4, 1. ಮೂರು ಹೆಜ್ಜೆಯ ಚಕ್ರ. ಫರ್ಮಾ ಕಂಡುಕೊಂಡಿದ್ದ ನಿಯಮ ಏನಂದ್ರೆ, ಈ ಚಕ್ರದ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರೋ ಸಂಖ್ಯೆಯನ್ನು ಭಾಗಿಸುತ್ತೆ. ಇಲ್ಲಿ 3, 6ನ್ನು ಭಾಗಿಸಿತು.

ಈಗ ಯಾವುದೋ ಒಂದು ಅವಿಭಾಜ್ಯ ನಮ್ಮ 2147483647ನ್ನು ಭಾಗಿಸುತ್ತೆ ಅಂತ ಇಟ್ಕೊಳ್ಳೋಣ. ಹಾಗಿದ್ದರೆ 2ರ 31ನೇ ಘಾತಕ್ಕೆ ಶೇಷ 1 ಬರಬೇಕು. ಅಂದ್ರೆ 31ನೇ ಹೆಜ್ಜೆಗೆ ಚಕ್ರ 1ಕ್ಕೆ ಬಂದು ನಿಲ್ಲಬೇಕು. 31 ಸ್ವತಃ ಅವಿಭಾಜ್ಯ ಆಗಿರೋದ್ರಿಂದ ಚಕ್ರದ ಉದ್ದ ಸರಿಯಾಗಿ 31 ಆಗಿರಲೇಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಆ ಭಾಜಕದಿಂದ ಒಂದು ಕಳೆದರೆ ಅದು 31ರಿಂದ ಭಾಗವಾಗಬೇಕು. ಭಾಜಕ ಬೆಸ ಸಂಖ್ಯೆ, ಒಂದು ಕಳೆದರೆ ಸಮ ಆಗುತ್ತೆ. ಅಲ್ಲಿಗೆ 62ರಿಂದ ಭಾಗವಾಗಬೇಕು. ಅಂದ್ರೆ 62ರಿಂದ ಭಾಗಿಸಿದಾಗ ಶೇಷ 1 ಬರೋ ಸಂಖ್ಯೆಗಳನ್ನು ಬಿಟ್ಟು ಉಳಿದವೆಲ್ಲ ಔಟ್. ಇದೇ ನಿಯಮ 2047ಕ್ಕೆ ಹಾಕಿ ನೋಡಿ. 11ರ ಎರಡರಷ್ಟು 22. 23ನ್ನೂ 89ನ್ನೂ 22ರಿಂದ ಭಾಗಿಸಿದರೆ ಶೇಷ 1. ಸರಿ ಹೋಯ್ತಲ್ವಾ?

ಇದಾದ ಮೇಲೆ ಇನ್ನೊಂದು ಜರಡಿ. ಇಂಥ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಎರಡೂ ಜರಡಿ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರೋ ಸಂಖ್ಯೆಗಳು ಮಾತ್ರ ಉಳಿಯುತ್ತವೆ. 46340ರ ಒಳಗೆ ಅಂಥವು ಸುಮಾರು 372. ಅವುಗಳಲ್ಲೂ ಅವಿಭಾಜ್ಯ ಅಲ್ಲದವನ್ನು ಬಿಡಬಹುದು. ಆಯ್ಲರ್ ಮಾಡಬೇಕಿದ್ದದ್ದು ಅಷ್ಟೇ ಭಾಗಾಕಾರ. ಯಾವುದೂ ಭಾಗಿಸಲಿಲ್ಲ. ಈಗ "ಸಿಕ್ಕಿಲ್ಲ" ಅನ್ನೋ ಮಾತು "ಇಲ್ಲ" ಆಯ್ತು. ಯಾಕಂದ್ರೆ ಇದ್ದರೆ ಎಲ್ಲಿ ಇರಬೇಕಿತ್ತು ಅನ್ನೋದನ್ನು ಮೊದಲು ಹೇಳಿ, ಆಮೇಲೆ ಆ ಜಾಗವನ್ನೆಲ್ಲ ನೋಡಿ ಮುಗಿಸಿದ.

ಅಲ್ಲಿಂದ 1867ರವರೆಗೆ, ತೊಂಬತ್ತೈದು ವರ್ಷ, ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ. ಆಮೇಲೆ ಫ್ರಾನ್ಸಿನ ಲಾಂಡ್ರಿ 13 ಅಂಕಿಯ ಇನ್ನೊಂದನ್ನು ಕಂಡುಹಿಡಿದ.

ಈ ತೊಂಬತ್ತೈದು ವರ್ಷದ ಮಧ್ಯೆ ಒಬ್ಬ ಇಂಗ್ಲಿಷ್ ಗಣಿತಜ್ಞ ಬರ್ತಾನೆ. ಪೀಟರ್ ಬಾರ್ಲೊ, ವೂಲಿಚ್‌ನ ಸೈನಿಕ ಅಕಾಡೆಮಿಯ ಮೇಷ್ಟ್ರು. 1811ರ ತನ್ನ ಪುಸ್ತಕದಲ್ಲಿ ಆತ ಪರಿಪೂರ್ಣ ಸಂಖ್ಯೆಗಳ ಬಗ್ಗೆ ಬರೆದ. 28ರಂಥವು. 1, 2, 4, 7, 14 ಕೂಡಿದರೆ ಮತ್ತೆ 28 ಬರುತ್ತೆ. ಪ್ರತಿ ಮರ್ಸೆನ್ ಅವಿಭಾಜ್ಯದಿಂದ ಇಂಥದ್ದೊಂದು ಹುಟ್ಟುತ್ತೆ ಅಂತ ಯೂಕ್ಲಿಡ್ ಕಾಲದಿಂದಲೇ ಗೊತ್ತು. ನಮ್ಮ ಸಂಖ್ಯೆಯಿಂದ ಹುಟ್ಟೋದು 19 ಅಂಕಿಯ 2305843008139952128. ಬಾರ್ಲೊ ಹೇಳಿದ್ದರ ಸಾರಾಂಶ ಇದು: ಇದಕ್ಕಿಂತ ದೊಡ್ಡದನ್ನು ಮುಂದೆ ಯಾರೂ ಕಂಡುಹಿಡಿಯಲ್ಲ, ಯಾಕಂದ್ರೆ ಇವೆಲ್ಲ ಬರೀ ಕುತೂಹಲದ ವಸ್ತು, ಉಪಯೋಗಕ್ಕೆ ಬರಲ್ಲ.

ಉಪಯೋಗಕ್ಕೆ ಬರಲ್ಲ. ಈ ಮಾತು ಹಿಡ್ಕೊಂಡು ವಾಪಸ್ ಅಂಗಡಿಗೆ ಬನ್ನಿ.

ಮೂರನೇ ರಾತ್ರಿ. ಕಾಮರ್ಸ್ ಓದಿದೋರಿಗೆ ಗೊತ್ತಿರುತ್ತೆ, ಲೆಕ್ಕ ಟ್ಯಾಲಿ ಆಗದಿದ್ದರೆ ಎರಡು ಹಳೇ ಉಪಾಯಗಳಿವೆ. ವ್ಯತ್ಯಾಸವನ್ನು 9ರಿಂದ ಭಾಗಿಸು, ಭಾಗವಾದರೆ ಎಲ್ಲೋ ಅಂಕಿ ಹಿಂದೆ ಮುಂದೆ ಆಗಿರಬಹುದು, 54 ಬರೆಯೋ ಕಡೆ 45 ಅನ್ನೋ ಥರ. ಇನ್ನೊಂದು, ವ್ಯತ್ಯಾಸವನ್ನು ಅರ್ಧ ಮಾಡು, ಆ ಮೊತ್ತ ಡೆಬಿಟ್ ಬದಲು ಕ್ರೆಡಿಟ್‌ಗೆ ಹೋಗಿರಬಹುದು. ಎಕ್ಸೆಲ್‌ನಲ್ಲಿ ನಾನೇ ಕೂಡಿದ ಮೊತ್ತ 2,14,91,250 ರೂಪಾಯಿ. ಸಾಫ್ಟ್‌ವೇರ್ ಹೇಳಿದ್ದು ಮೈನಸ್ 2,14,58,422.96. ವ್ಯತ್ಯಾಸ 4,29,49,672.96. ಒಂಬತ್ತರಿಂದ ಭಾಗವಾಗಲಿಲ್ಲ. ಅರ್ಧ ಮಾಡಿದೆ. 2,14,74,836.48. ಅಂಥ ಬಿಲ್ಲು ಇರೋಕೆ ಸಾಧ್ಯವೇ ಇಲ್ಲ, ಅದು ಇಡೀ ವರ್ಷದ ಮಾರಾಟದಷ್ಟಿದೆ. ಸುಮ್ನೆ ಬೇಜಾರಿಗೆ ಚುಕ್ಕಿ ತೆಗೆದು 2147483648 ಅಂತ ಫೋನಲ್ಲಿ ಟೈಪ್ ಮಾಡಿ ಸರ್ಚ್ ಕೊಟ್ಟೆ.

ಮೊದಲನೇ ಸಾಲಲ್ಲೇ ಉತ್ತರ. 2ರ 31ನೇ ಘಾತ.

ಆ ಹಳೇ ಸಾಫ್ಟ್‌ವೇರ್ ಮೊತ್ತವನ್ನು ಪೈಸೆಯಲ್ಲಿ, 32 ಬಿಟ್ ಜಾಗದಲ್ಲಿ ಇಡ್ತಿತ್ತು. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅಂತ ಹೇಳೋಕೆ ಹೋದರೆ ಉಳಿಯೋದು 31. ಅದರಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ 2147483647. ಅಂದ್ರೆ 2,14,74,836 ರೂಪಾಯಿ 47 ಪೈಸೆ. ಅದರ ಮೇಲೆ ಒಂದು ಪೈಸೆ ಹಾಕಿದರೂ ಮೀಟರ್ ತಿರುಗಿ ಮೈನಸ್‌ಗೆ ಬೀಳುತ್ತೆ. ಅಂಗಡಿಯ ವ್ಯಾಪಾರ ಆ ವರ್ಷ ಮೊದಲ ಸಲ ಆ ಗೆರೆ ದಾಟಿತ್ತು. ನನ್ನ ಎಂಟ್ರಿ ಸರಿ ಇತ್ತು.

ಬೆಳಗ್ಗೆ ಮಾಲೀಕರಿಗೆ ತೋರಿಸಿದೆ. ಬಾಯಲ್ಲಿ ಹೇಳಿದರೆ ನಂಬಲ್ಲ ಅಂತ, ಹೊಸ ಕಂಪನಿ ಫೈಲ್ ಒಂದು ತೆರೆದು, 2,14,74,836.47ರ ಒಂದೇ ಬಿಲ್ ಹಾಕಿದೆ. ಸರಿಯಾಗಿ ಬಂತು. ಒಂದು ಪೈಸೆ ಸೇರಿಸಿದೆ. ಮೈನಸ್. ತಪ್ಪು ಎಲ್ಲಿ ಇರಬೇಕೋ ಆ ಜಾಗ ತೋರಿಸಿದ ಮೇಲೆ ವಾದ ಇರಲಿಲ್ಲ. ಸಂಬಳ ಬಂತು. ಸಾರಿ ಅಂತ ಯಾರೂ ಹೇಳಲಿಲ್ಲ, ಆದರೆ ಅವತ್ತು ಟೀ ಅವರೇ ತರಿಸಿದರು.

ಇದು ನನ್ನೊಬ್ಬನ ಕಥೆ ಅಲ್ಲ. 2014ರ ಡಿಸೆಂಬರ್‌ನಲ್ಲಿ "ಗಂಗ್ನಂ ಸ್ಟೈಲ್" ವೀಡಿಯೊದ ವ್ಯೂಸ್ ಇದೇ ಸಂಖ್ಯೆಯನ್ನು ದಾಟುತ್ತೆ ಅಂತ ಯೂಟ್ಯೂಬ್ ತನ್ನ ಲೆಕ್ಕದ ಜಾಗವನ್ನು 64 ಬಿಟ್‌ಗೆ ಏರಿಸಿದ್ದನ್ನು ಹೇಳಿಕೊಂಡಿತು. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಬೋಯಿಂಗ್ 787 ವಿಮಾನಗಳಿಗೆ ಒಂದು ಆದೇಶ ಹೊರಡಿಸಿತು. 248 ದಿನ ಆಫ್ ಮಾಡದೆ ಬಿಟ್ಟರೆ ಸಾಫ್ಟ್‌ವೇರ್‌ನ ಕೌಂಟರ್ ತುಂಬಿ, ವಿಮಾನದ ವಿದ್ಯುತ್ ಪೂರೈಕೆಯೇ ನಿಲ್ಲಬಹುದು ಅಂತ. ಸೆಕೆಂಡಿನ ನೂರನೇ ಒಂದು ಭಾಗಗಳನ್ನು ಎಣಿಸ್ತಾ ಹೋದರೆ 2147483647 ಮುಟ್ಟೋದು ಸುಮಾರು 248 ದಿನ 13 ಗಂಟೆಗೆ. ನೀವೇ ಲೆಕ್ಕ ಹಾಕಿ ನೋಡಿ. ಆಯ್ಲರ್‌ನ 248ಕ್ಕೂ ಈ 248ಕ್ಕೂ ಸಂಬಂಧ ಇಲ್ಲ, ಆದರೆ ನೋಡಿದಾಗ ನನಗೆ ಮೈ ಜುಮ್ ಅಂದಿದ್ದು ನಿಜ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲಾಂದ್ರೆ ವಾಟ್ಸಾಪ್ ಫಾರ್ವರ್ಡ್ ಆಗುತ್ತೆ. ಕಂಪ್ಯೂಟರ್‌ನ ಈ ಮಿತಿ ಬಂದಿದ್ದು ಆ ಸಂಖ್ಯೆ ಅವಿಭಾಜ್ಯ ಅನ್ನೋ ಕಾರಣಕ್ಕಲ್ಲ. ಬಿಟ್‌ಗಳ ಲೆಕ್ಕ ಹಾಗೆ ಬಂತು ಅಷ್ಟೇ. 16 ಬಿಟ್‌ನ ಮಿತಿ 32767 ಅವಿಭಾಜ್ಯ ಅಲ್ಲ, 7ರಿಂದ ಭಾಗವಾಗುತ್ತೆ. 64 ಬಿಟ್‌ನ ಮಿತಿಯೂ ಅಲ್ಲ, ಅದೂ 7ರಿಂದ ಭಾಗವಾಗುತ್ತೆ. 32ರಲ್ಲಿ ಆಗಿದ್ದು ಕಾಕತಾಳೀಯ.

ಆದರೆ ಆ ಕಾಕತಾಳೀಯವನ್ನು ಜನ ಸುಮ್ನೆ ಬಿಡಲಿಲ್ಲ. ಕಂಪ್ಯೂಟರ್‌ಗೆ ಯಾದೃಚ್ಛಿಕ ಸಂಖ್ಯೆ ಬೇಕಾಗುತ್ತೆ. ಆಟದಲ್ಲಿ ದಾಳ ಹಾಕೋಕೆ, ಇಸ್ಪೀಟ್ ಕಲಸೋಕೆ, ವಿಜ್ಞಾನದ ಸಿಮ್ಯುಲೇಶನ್‌ಗೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅನ್ನೋ ಇಬ್ಬರು, ಎಲ್ಲರೂ ಕನಿಷ್ಠ ಇಷ್ಟಾದರೂ ಬಳಸಲಿ ಅಂತ ಒಂದು ವಿಧಾನ ಮುಂದಿಟ್ಟರು. ಒಂದು ಸಂಖ್ಯೆ ತಗೋ, 16807ರಿಂದ ಗುಣಿಸು, 2147483647ರಿಂದ ಭಾಗಿಸು, ಶೇಷ ಇಟ್ಕೋ. ಮತ್ತೆ ಅದನ್ನೇ ಗುಣಿಸು. 1ರಿಂದ ಶುರು ಮಾಡಿದರೆ 16807, ಆಮೇಲೆ 282475249, ಆಮೇಲೆ 1622650073. ಹೀಗೆ ಹೋಗ್ತಾ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಮ್ಮೆ ಮುಟ್ಟಿ ಬಂದ ಮೇಲೆಯೇ ಮತ್ತೆ 1 ಬರೋದು. ಇದು ನಡೆಯೋದು ಅವಿಭಾಜ್ಯ ಆಗಿರೋದಕ್ಕೇ. ಅದಕ್ಕೊಂದು ಭಾಜಕ ಇದ್ದಿದ್ದರೆ, ಆ ಭಾಜಕದ ಗುಣಕಗಳಿಂದ ಶುರುವಾದ ಸರಣಿ ಅದೇ ಗುಣಕಗಳ ಓಣಿಯಲ್ಲಿ ಸುತ್ತುತ್ತಾ ಇರ್ತಿತ್ತು, ಹೊರಗೆ ಬರ್ತಿರಲಿಲ್ಲ. ಕಣ್ಣು ಕಾಣದ ಮುದುಕ 372 ಜಾಗ ಹುಡುಕಿ "ಇಲ್ಲ" ಅಂದದ್ದರ ಮೇಲೆ ಈ ವಿಧಾನ ನಿಂತಿದೆ. ಈಗ ಇದಕ್ಕಿಂತ ಒಳ್ಳೆಯ ವಿಧಾನಗಳು ಬಂದಿವೆ, ಪಾಸ್‌ವರ್ಡ್‌ಗೆಲ್ಲ ಇದನ್ನು ಬಳಸಬಾರದು. ಆದರೂ ಸಿ ಪ್ಲಸ್ ಪ್ಲಸ್ ಭಾಷೆಯ ಲೈಬ್ರರಿಯಲ್ಲಿ ಇವತ್ತಿಗೂ ಇದೆ. ಬಾರ್ಲೊ ಮೇಷ್ಟ್ರಿಗೆ ಯಾರಾದ್ರೂ ಹೇಳ್ಬೇಕಿತ್ತು.

ಮೇಷ್ಟ್ರ ಮೊದಲ ಭವಿಷ್ಯವೂ ಉಳಿಯಲಿಲ್ಲ. 1876ರಲ್ಲಿ ಲ್ಯೂಕಾ ಕೈಯಲ್ಲೇ ಲೆಕ್ಕ ಹಾಕಿ 39 ಅಂಕಿಯ ಮರ್ಸೆನ್ ಅವಿಭಾಜ್ಯವನ್ನು ಸಾಬೀತು ಮಾಡಿದ, 127ನೇ ಘಾತದ್ದು. 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾದದ್ದು 2ರ 136279841ನೇ ಘಾತದ್ದು. ಅದರಲ್ಲಿ 4,10,24,320 ಅಂಕಿಗಳಿವೆ. ನಮ್ಮ ಹೀರೋಗೆ ಹತ್ತು ಅಂಕಿ, ಒಂದು ಮೊಬೈಲ್ ನಂಬರ್‌ನಷ್ಟು.

ಕೊನೆಗೆ ಒಂದು ದಿನಾಂಕ ಬರೆದಿಟ್ಕೊಳ್ಳಿ. ಎಷ್ಟೋ ಕಂಪ್ಯೂಟರ್‌ಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಎಣಿಸ್ತವೆ. 32 ಬಿಟ್‌ನಲ್ಲಿ ಎಣಿಸೋ ಯಂತ್ರಗಳಿಗೆ 2147483647ನೇ ಸೆಕೆಂಡ್ ಬರೋದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅವು 1901ರ ಡಿಸೆಂಬರ್‌ಗೆ ಹೋಗಿಬಿಡ್ತವೆ. ಹೊಸ ಫೋನ್‌ಗಳು 64 ಬಿಟ್‌ನಲ್ಲಿ ಎಣಿಸೋದ್ರಿಂದ ನಿಮ್ಮ ಕೈಯಲ್ಲಿರೋದಕ್ಕೆ ತೊಂದರೆ ಆಗೋದು ಕಷ್ಟ. ಯೋಚನೆ ಇರೋದು ಹಳೇ ಯಂತ್ರಗಳದ್ದು, ಯಾರೋ ಎಷ್ಟೋ ವರ್ಷದ ಹಿಂದೆ ಮಾಡಿಕೊಟ್ಟು ಹೋದ, ನೀಲಿ ಸ್ಕ್ರೀನಿನ, ಇನ್ನೂ ಓಡ್ತಿರೋ ಸಾಫ್ಟ್‌ವೇರ್‌ಗಳದ್ದು. ಅವತ್ತು ಬೆಳಗ್ಗೆ ಯಾವುದಾದ್ರೂ ಆಫೀಸಲ್ಲಿ ಲೆಕ್ಕ ತಪ್ಪಿ, ಹೊಸದಾಗಿ ಸೇರಿದ ಹುಡುಗನನ್ನೋ ಹುಡುಗಿಯನ್ನೋ ಯಾರಾದ್ರೂ ಗದರಿದರೆ, ದಯವಿಟ್ಟು ಈ ಸಂಚಿಕೆ ಕಳಿಸಿ.